ಮಾಳಢೋಕದ ಮೂರು ಕುತ್ತಿಗೆ

ಬೀದರದ ಬೀದಿಯಲ್ಲಿ ನಮ್ಮ ಮನೆಯವರ ಕ್ಯಾಮೆರಾ ಪೆಟ್ಟಿಗೆ ಕಾಣಿಸಿತೆಂದರೆ ಜನ ಮೊದಲು ಕೇಳುತ್ತಿದ್ದುದು "ಯಾರು ತೀರ್ಕೊಂಡಾರ್ರಿ?" ಎಂದು. ತಪ್ಪು ಅವರದಲ್ಲ. ಹದಿನಾಲ್ಕು ವರ್ಷ ಆ ಪೆಟ್ಟಿಗೆ ಸತ್ತವರ ಮುಂದೆ ಬಿಟ್ಟು ಬೇರೆಲ್ಲೂ ನಿಂತಿರಲಿಲ್ಲ. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಹಣೆಗೆ ವಿಭೂತಿ, ತಲೆಗೆ ರುಮಾಲು, ಕೊರಳಿಗೆ ಹೂವು. ಹಾಗೆ ಕೂತವರ ಪಟ ತೆಗೆಸಿ, ಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕುವ ರೂಢಿ ಯಾವಾಗ ಶುರುವಾಯಿತೋ ಆಗಿನಿಂದ ನಮ್ಮ ಮನೆಯ ಒಲೆ ಉರಿಯಿತು. ಬದುಕಿದ್ದವರು ಪಟ ತೆಗೆಸಿಕೊಳ್ಳಲು ಯಾರೂ ಬರುತ್ತಿರಲಿಲ್ಲ. ಆ ಪೆಟ್ಟಿಗೆಯ ಮುಂದೆ ಕೂತರೆ ಆಯುಷ್ಯ ಕಡಿಮೆಯಾಗುತ್ತದೆಂದು ಎಲ್ಲರಿಗೂ ಖಾತ್ರಿಯಿತ್ತು.

ಮನೆಯವರ ಹೆಸರು ಹಾವಗೆಪ್ಪ. ಗಂಡನ ಹೆಸರು ಬಾಯಿಂದ ಹೇಳಬಾರದು; ಬರೆಯಬಾರದೆಂದು ಯಾರೂ ಹೇಳಿಲ್ಲ, ಅದಕ್ಕೆ ಬರೆದಿದ್ದೇನೆ. ಮಾತು ಕಡಿಮೆ. ಎಷ್ಟು ಬೈದರೂ ತಿರುಗಿ ಒಂದು ಮಾತಿಲ್ಲ. ಬೈಯುವವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ, ಅದು ನನಗೆ ಗೊತ್ತು.

ಇವರ ಪದ್ಧತಿ ಹೀಗೆ: ಕ್ಯಾಮೆರಾದ ಮುಚ್ಚಳ ತೆಗೆದು "ಬಸವಾ, ಬಸವಾ, ಬಸವಾ" ಎಂದು ಮೂರು ಸಲ ನಿಧಾನಕ್ಕೆ ಅಂದು ಮತ್ತೆ ಮುಚ್ಚುವುದು. ಕತ್ತಲು ಪಡಸಾಲೆಯಲ್ಲಿ ಒಳಗಿನ ಗಾಜಿನ ಪ್ಲೇಟಿಗೆ ಅಷ್ಟು ಬೆಳಕು ಬೇಕು. ಸತ್ತವರು ಅಲುಗುವುದಿಲ್ಲ, ಹೀಗಾಗಿ ಪಟದಲ್ಲಿ ಮೀಸೆಯ ಒಂದೊಂದು ಕೂದಲನ್ನೂ ಎಣಿಸಬಹುದು. ಇವರ ಹೆಸರಾಗಿದ್ದೇ ಅದಕ್ಕೆ. ಪಕ್ಕದಲ್ಲಿ ಕೂತು ಅಳುವ ಮಕ್ಕಳು ಮೊಮ್ಮಕ್ಕಳು ಮಾತ್ರ ಮಸುಕಾಗಿ ಬರುತ್ತಿದ್ದರು. ಮನೆಯವರು ಅದನ್ನು ನೋಡಿ ಮುಖ ಗಂಟಿಕ್ಕುತ್ತಿದ್ದರು. ಅಲುಗಿದ್ದು ಇವರ ಲೆಕ್ಕದಲ್ಲಿ ಪಟವೇ ಅಲ್ಲ.

ನಮಗೊಬ್ಬಳು ಮಗಳಿದ್ದಳು, ಶಾಲು. ಐದು ವರ್ಷ ಇದ್ದಳು. ಮೂರು ದಿನದ ಜ್ವರದಲ್ಲಿ ಹೋದಳು. ಅವಳ ಒಂದೇ ಒಂದು ಪಟ ನಮ್ಮ ಪಡಸಾಲೆಯಲ್ಲಿದೆ, ಎಲ್ಲರದು ಹೇಗೋ ಹಾಗೆಯೇ: ಗೋಡೆಗೆ ಒರಗಿಸಿ, ಕಣ್ಣು ಮುಚ್ಚಿ. ಒಂದು ಗಳಿಗೆ ಕಾಲು ನಿಲ್ಲದ ಹುಡುಗಿ ಅದರಲ್ಲಿ ಎಷ್ಟು ಗಪ್ಪು ಕೂತಿದ್ದಾಳೆಂದರೆ, ನೋಡಿದಾಗೆಲ್ಲ ನನಗೆ ಮೈ ಉರಿಯುತ್ತದೆ. ಅದು ನನ್ನ ಮಗಳೇ ಅಲ್ಲ. ಮನೆಯಲ್ಲೇ ಕ್ಯಾಮೆರಾ, ಮನೆಯಲ್ಲೇ ಪ್ಲೇಟು. ಐದು ವರ್ಷದಲ್ಲಿ ಬದುಕಿದ್ದಾಗಿನದು ಒಂದು, ಒಂದೇ ಒಂದು ತೆಗೆಯಬಾರದಿತ್ತೇ? ಆರು ವರ್ಷದಿಂದ ವಾರಕ್ಕೊಮ್ಮೆಯಾದರೂ ಕೇಳಿದ್ದೇನೆ. ಇವರ ಉತ್ತರವೂ ಒಂದೇ: "ಅಲುಗತಿದ್ಲು."

ನಿಜಾಮರ ಲೆಕ್ಕದ ಫಸಲಿ ೧೩೨೨, ಅಂದರೆ ಇಂಗ್ರಜಿ ೧೯೧೩ರ ಯುಗಾದಿ ಮುಗಿದ ವಾರ ಅಬ್ದುಲ ಸಮದ ಸಾಹೇಬರು ನಮ್ಮ ಮನೆಗೆ ಬಂದರು. ಉರ್ದು ಸಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದವರು. ನಮ್ಮ ಕಡೆಯ ಹೂವು, ಹಕ್ಕಿ, ಪ್ರಾಣಿಗಳ ಬಗ್ಗೆ ಮಕ್ಕಳಿಗೊಂದು ಪುಸ್ತಕ ಮಾಡಬೇಕೆಂದು ಹೊರಟಿದ್ದರು.

"ಹಾವಗೆಪ್ಪಾ, ಹುಡುಗ್ರಿಗಿ ಸಿಂಹ ಮಾಲೂಮ್ ಅದ, ಒಂಟಿ ಮಾಲೂಮ್ ಅದ. ನಮ್ಮ ಹೊಲದಾಗಿನ ಚಿಗರಿ ಮಾಲೂಮ್ ಇಲ್ಲ," ಎಂದು ಎಂಟು ಹೆಸರಿನ ಚೀಟಿ ಕೊಟ್ಟರು. ಮುತ್ತಲ ಹೂ, ಕಕ್ಕಿ ಹೂ, ಎಕ್ಕಿ ಹೂ, ತಂಗಡಿ ಹೂ. ಆಮೇಲೆ ನವಿಲು, ನರಿ, ಚಿಗರಿ ಅನ್ನುವ ಜಿಂಕೆ, ಮತ್ತೆ ಔರಾದ ಕಡೆಯ ಬಯಲಿನಲ್ಲಿ ಓಡಾಡುವ, ಸೊಂಟದೆತ್ತರ ಇರುವ ಆ ದೊಡ್ಡ ಹಕ್ಕಿ, ಮಾಳಢೋಕ. "ಒಂದೇ ಶರ್ತ. ಎಲ್ಲಾ ಜಿಂದಾ ಇರಬೇಕು."

ಇವರು ಯಾವತ್ತೂ ಒಂದೇ ಮಾತಿಗೆ ಹೂಂ ಅಂದವರಲ್ಲ. ಅವತ್ತು ಅಂದರು. ಮುಖ ನೋಡಿದೆ, ಹಬ್ಬದೂಟಕ್ಕೆ ಕರೆ ಬಂದವರ ಮುಖ. ಬದುಕಿದ್ದೊಂದು ಜೀವವನ್ನು ಆ ಪೆಟ್ಟಿಗೆಯೊಳಗೆ ತೆಗೆದುಕೊಳ್ಳುವ ಆಸೆ ಈ ಮನುಷ್ಯನಿಗೆ ಇಷ್ಟಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಗೊತ್ತಾಗಿ ಸಂತೋಷವೇನೂ ಆಗಲಿಲ್ಲ. ಸಿಟ್ಟು ಬಂತು.

"ಕೂಸು ಅಲುಗತಿತ್ತು. ಚಿಗರಿ ಏನು ವಿಭೂತಿ ಹಚ್ಕೊಂಡು ಗ್ವಾಡಿಗಿ ಒರಗಿ ಕೂಡ್ತದೇನ್ರಿ?" ಎಂದೆ.

ಕೇಳಿಸಲಿಲ್ಲವೆಂಬಂತೆ ಪ್ಲೇಟಿನ ಪೆಟ್ಟಿಗೆ ಒರೆಸುತ್ತ ಕೂತರು. ಹೈದರಾಬಾದಿನಿಂದ ತರಿಸಿದ್ದು, ಹನ್ನೆರಡು ಪ್ಲೇಟು. ಮತ್ತೆ ತರಿಸಬೇಕೆಂದರೆ ಮಳೆಗಾಲದ ಮಾತು, ಅಷ್ಟರಲ್ಲಿ ಹೂವೂ ಇರುವುದಿಲ್ಲ ಏನೂ ಇರುವುದಿಲ್ಲ. ಹನ್ನೆರಡರಲ್ಲೇ ಎಂಟೂ ಆಗಬೇಕು.

ನಾನೂ ಜೊತೆಗೆ ಹೊರಟೆ. ಹೊರಡದೆ ಉಪಾಯವಿರಲಿಲ್ಲ. ಆ ಮೂರು ಕಾಲಿನ ಸ್ಟ್ಯಾಂಡನ್ನು ಬೇರೆ ಯಾರೂ ಹೊರುತ್ತಿರಲಿಲ್ಲ. ಮುಟ್ಟಿದರೆ ಸ್ನಾನ ಮಾಡಬೇಕು ಅನ್ನುತ್ತಿದ್ದರು. ಪ್ಲೇಟು ಬದಲಿಸುವ ಕೆಲಸ ನನಗೆ ಬರುತ್ತಿತ್ತು. ನನ್ನ ತವರು ಹಲಬರ್ಗಾ ದಾರಿಯಲ್ಲೇ ಇತ್ತು. ನನ್ನ ತಮ್ಮ ವೈಜಿನಾಥ ತನ್ನ ಬಂಡಿ ಕಟ್ಟಿಕೊಂಡು ಬಂದ.

ಚಿದ್ರಿ ದಾಟುವುದರೊಳಗೇ ರಗಳೆ ಶುರು. ಕೊಡ ಹೊತ್ತ ಹೆಣ್ಣುಮಗಳೊಬ್ಬಳು ಬಂಡಿಯ ಮೇಲಿನ ಪೆಟ್ಟಿಗೆ ನೋಡಿದವಳೇ ಕೊಡ ಇಳಿಸಿ "ನಮ್ಮತ್ತಿ!" ಎಂದು ಬಾಯಿ ಬಡಿದುಕೊಳ್ಳತೊಡಗಿದಳು. ಅವಳ ಅತ್ತೆ ನಾಲ್ಕು ದಿನದಿಂದ ಹಾಸಿಗೆ ಹಿಡಿದಿದ್ದಳಂತೆ. ನಾನು ಇಳಿದು, ಕೈ ಹಿಡಿದು, "ನಿಮ್ಮತ್ತಿಗಿ ಏನೂ ಆಗಿಲ್ಲವಾ, ನಾವು ಹೂವಿನ ಪಟ ತೆಗಿಲಿಕ್ಕ ಹೊಂಟೇವಿ" ಎಂದೆ.

ಅವಳು ಮೂಗು ಒರೆಸಿಕೊಂಡು ಕೇಳಿದಳು: "ಹೂವು ಯಾರಿಗಿ ಹಾಕ್ಲಿಕ್ಕಬೇ?"

ಶಿವನೇ! ಹೂವು ಯಾರಿಗೂ ಹಾಕುವುದಕ್ಕಲ್ಲ, ಗಿಡದಲ್ಲಿದ್ದ ಹೂವನ್ನು ಗಿಡದಲ್ಲೇ ತೆಗೆಯುವುದು ಎಂದು ತಿಳಿಸಿ ಹೇಳುವಷ್ಟರಲ್ಲಿ ಬಿಸಿಲೇರಿತು. ಮನೆಯವರು ಅಷ್ಟು ಹೊತ್ತೂ ಬಂಡಿಯಲ್ಲಿ ಕೂತು ಆಕಾಶ ನೋಡುತ್ತಿದ್ದರು.

ಹಲಬರ್ಗಾ ಇನ್ನೂ ಎರಡು ಹರದಾರಿ ಇರುವಾಗ ದಾರಿಬದಿಯಲ್ಲಿ ಮುತ್ತಲ ಗಿಡ ಸಿಕ್ಕಿತು. ಒಂದು ಎಲೆ ಇಲ್ಲ, ತುದಿಯಿಂದ ಬುಡದವರೆಗೆ ಕೆಂಪು. ಎಂಥ ಚೆಲುವೆಂದರೆ ನಾನೂ ಸುಮ್ಮನೆ ನಿಂತುಬಿಟ್ಟೆ. ಮನೆಯವರು ಸ್ಟ್ಯಾಂಡು ಊರಿ, ಕರಿ ಅರಿವೆಯೊಳಗೆ ತಲೆ ತೂರಿಸಿ, ಹೊರಗೆ ಬಂದು, ಮುಚ್ಚಳ ತೆಗೆದು, "ಬಸವಾ, ಬಸವಾ, ಬಸವಾ" ಅಂದರು. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ! ಪಡಸಾಲೆಯ ಲೆಕ್ಕ! ಪ್ಲೇಟು ಸುಟ್ಟುಹೋಗಿದೆ ಎಂದು ಮುಚ್ಚಳ ಹಾಕಿದ ಮೇಲೆ ಅವರಿಗೇ ಹೊಳೆಯಿತು. ಎರಡನೆಯ ಪ್ಲೇಟಿಗೆ ಒಂದೇ ಬಸವಾ ಅನ್ನಿಸಲು ನಾನು ಪಕ್ಕದಲ್ಲಿ ನಿಂತು ಬಾಯಿ ಮಾಡಬೇಕಾಯಿತು.

ಹಲಬರ್ಗಾದ ರಗಳೆ ಇದಕ್ಕಿಂತ ಮಿಗಿಲು. ತಮ್ಮನ ಹೊಲದ ಬದುವಿನಲ್ಲಿ ಕಕ್ಕೆ ಗಿಡವೊಂದು ಆಗಷ್ಟೇ ಹೂಬಿಟ್ಟಿತ್ತು, ಹಳದಿ ಗೊಂಚಲು ನೆಲದವರೆಗೆ ಜೋತಿದ್ದವು. ನಾಳೆ ಬೆಳಿಗ್ಗೆ ಇದರ ಪಟ ಎಂದು ತಮ್ಮ ಊರ ತುಂಬ ಹೇಳಿಕೊಂಡು ಬಂದ. ಬೆಳಿಗ್ಗೆ ಹೋಗಿ ನೋಡುತ್ತೇವೆ, ನಮ್ಮ ಶಿವರಾಜಪ್ಪ ಕಾಕಾ ನಮಗಿಂತ ಮೊದಲೇ ಎದ್ದು ಬಂದು ಗಿಡದ ಬೊಡ್ಡೆಗೆ ಮೂರು ಬೆರಳಿನ ವಿಭೂತಿ ಬಳಿದು, ರುಮಾಲು ಸುತ್ತಿ, ಮುಂದೊಂದು ಕಾಯಿ ಒಡೆದಿಟ್ಟಿದ್ದರು. ಹಿಂದೆ ಹತ್ತು ಜನ ಕೈಮುಗಿದು ನಿಂತಿದ್ದರು.

"ಇದೇನ್ ಕಾಕಾ!"

"ಪಟ ತೆಗಿಯೋ ಮುಂದ ವಿಭೂತಿ ಬ್ಯಾಡೇನವಾ? ಬರಿ ಹಣಿಲೆ ಕಳಸ್ತೀರೇನು?"

"ಎಲ್ಲಿಗಿ ಕಳಸ್ತೀವಿ ಕಾಕಾ? ಗಿಡ ಇಲ್ಲೇ ಇರ್ತದಲ್ಲ!"

"ನಾ ಕಾಣೆನವಾ. ನಿನ್ನ ಗಂಡನ ಪೆಟ್ಟಿಗಿ ಬಂದ ಮ್ಯಾಲ ಇಲ್ಲೇ ಉಳಿದವ್ರನ್ನ ನಾ ಯಾರನ್ನೂ ನೋಡಿಲ್ಲ."

ಇಷ್ಟಾದರೂ ಇವರು ಬೇಡ ಅಂದರೇ? ಇಲ್ಲ. ಹಿರಿಯರ ಮನಸ್ಸು ನೋಯುತ್ತದೆಂದು ರುಮಾಲು ಸುತ್ತಿದ ಗಿಡದ ಪಟ ತೆಗೆದು ಒಂದು ಪ್ಲೇಟು ಹಾಳು ಮಾಡಿದರು. ಜನ ಕರಗಿದ ಮೇಲೆ ನಾನೇ ನೀರು ತಂದು, ಬೊಡ್ಡೆ ತೊಳೆದು, ಗಾಳಿಗೆ ಅಲುಗದಂತೆ ಒಂದು ಗೊಂಚಲಿನ ತೊಟ್ಟು ಹಿಡಿದು, ಕೈ ಕಾಣದ ಹಾಗೆ ಕೊಂಬೆಯ ಹಿಂದೆ ನಿಂತೆ. ಇರುವೆ ಕಚ್ಚಿದವು. ಗೊಂಚಲು ಬಿಡಲಿಲ್ಲ.

ಭಾಲ್ಕಿಯ ಕಡೆ ಎಕ್ಕೆ, ತಂಗಡಿ ಎರಡಕ್ಕೂ ಒಂದೊಂದೇ ಪ್ಲೇಟು ಸಾಕಾಯಿತು. ಎಕ್ಕೆ ದಪ್ಪ ಹೂವು, ಗಾಳಿಗೆ ಜಗ್ಗುವುದಿಲ್ಲ. ಹಳ್ಳದ ದಂಡೆಯಲ್ಲಿ ಒಂದು ನವಿಲು ನಮಗೆ ಬೆನ್ನು ತಿರುಗಿಸಿ ನಿಂತಿತು, ತೆಗೆದರು. ಅಲ್ಲಿಯೇ ಸಂಜೆ ನರಿಯೊಂದು ಬಂಡೆಯ ಮೇಲೆ ಬಂದು ನಮ್ಮನ್ನೇ ನೋಡಿತು. ಮುಚ್ಚಳ ತೆಗೆದು "ಬಸ..." ಅನ್ನುವಷ್ಟರಲ್ಲಿ ಹೋಯಿತು. "ವಾ" ಅಂದದ್ದು ಬರೀ ಬಂಡೆಗೆ.

"ಅಲುಗಿತು," ಎಂದರು ಇವರು.

"ಅಲುಗಲಿಲ್ರಿ, ಹೋತು!" ಎಂದೆ. ಹಣೆ ಚಚ್ಚಿಕೊಂಡೆ.

ಔರಾದ ಮುಟ್ಟುವ ಹೊತ್ತಿಗೆ ನಾಲ್ಕು ಪ್ಲೇಟು ಉಳಿದಿದ್ದವು. ನರಿಯ ಆಸೆ ಬಿಟ್ಟಿದ್ದೆವು; ಇನ್ನು ಬೇಕಾದದ್ದು ಎರಡು, ಚಿಗರಿ ಮತ್ತು ಮಾಳಢೋಕ. ಸಮದ ಸಾಹೇಬರು ಅಲ್ಲಿಯ ಅಮೀರ ಪಾಶಾ ಎಂಬ ಶಿಕಾರಿಗೆ ಕಾಗದ ಕೊಟ್ಟಿದ್ದರು. ಬಿಳಿ ಗಡ್ಡ, ಹೆಗಲಿಗೆ ಬಂದೂಕು. ಯಾವ ಪ್ರಾಣಿ ಯಾವ ಹೊತ್ತಿಗೆ ಎಲ್ಲಿ ನೀರು ಕುಡಿಯುತ್ತದೆಂದು ಬೆರಳಿನ ಮೇಲೆ ಹೇಳುವ ಮನುಷ್ಯ. ಮರುದಿನ ನಸುಕಿನಲ್ಲೇ ಚಿಗರಿಯ ಹಿಂಡಿನ ಹತ್ತಿರ ಕರೆದೊಯ್ದ. ಮೂವತ್ತಕ್ಕೂ ಹೆಚ್ಚು ಇದ್ದವು. ಕರಿ ಹೋತವೊಂದು ತಿರುವಿದ ಕೊಂಬು ಎತ್ತಿ ನಿಂತಿತ್ತು. ಸ್ಟ್ಯಾಂಡಿನ ಮೂರನೆಯ ಕಾಲು ಊರಿದ ಸಪ್ಪಳಕ್ಕೆ ಹಿಂಡಿಗೆ ಹಿಂಡೇ ಚಂಗನೆ ಹಾರಿತು. ಒಂದು ಪ್ಲೇಟು ಧೂಳಿಗೆ ಹೋಯಿತು, ಮಧ್ಯಾಹ್ನ ಇನ್ನೊಂದು ಹೋಯಿತು. ನನ್ನ ಕಾಲಲ್ಲಿ ಮುಳ್ಳು, ಬಾಯಲ್ಲಿ ಧೂಳು, ತಲೆಯ ಮೇಲೆ ಆ ಹಾಳು ಸ್ಟ್ಯಾಂಡು.

ಅಮೀರ ಪಾಶಾ ಕೂಡ ಬೇಸತ್ತ. ಗಡ್ಡ ಸವರಿಕೊಂಡು ಹೇಳಿದ: "ಹಾವಗೆಪ್ಪಾ, ಯಾಕ್ ಇಷ್ಟು ಪರೇಶಾನಿ? ನಾ ಒಂದ್ ಗುಂಡು ಹೊಡಿತೀನಿ. ಕಾಲು ಮಡಚಿ ಕೂಡಸ್ತೀನಿ, ಕೊರಳಿಗಿ ಹಿಂದಿನಿಂದ ಕೋಲು ಕೊಡ್ತೀನಿ, ಕಣ್ಣು ತೆರೆದಿಡ್ತೀನಿ. ಬುಡ್ಡಾ ಮಾಸ್ತರಗ ಏನ್ ತಿಳಿತದ? ಅಷ್ಟಕ್ಕೂ ನಿನ್ನ ಕೆಲಸಾ ಅದೇ ಅಲ್ಲೇನು?"

ನನಗೂ ಒಂದು ಗಳಿಗೆ ಅದೇ ಸರಿ ಅನ್ನಿಸಿತು. ಇವರಿಗೆ ಮಾತ್ರ ಏನಾಯಿತೋ. ಹದಿನಾಲ್ಕು ವರ್ಷದಲ್ಲಿ ನಾನು ಕೇಳದಿದ್ದ ದನಿ ಹೊರಗೆ ಬಂತು.

"ಸತ್ತದ್ದು ಸಾಕಾಗ್ಯದ ನನಗ! ಸಾಕಾಗ್ಯದ! ಬಂದೂಕ ಮುಟ್ಟಿದಿ ಅಂದ್ರ ನಾ ಈಗೇ ಬಂಡಿ ತಿರುಗಿಸ್ತೀನಿ!"

ಎತ್ತು ಬೆಚ್ಚಿದವು. ಅಮೀರ ಪಾಶಾ "ತೋಬಾ, ತೋಬಾ" ಎಂದು ಬಂದೂಕು ಬಂಡಿಯ ಕೆಳಗೆ ಇಟ್ಟ. ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಎದುರು ಹೋಗಿ ನಿಂತೆ. "ಈ ಒದರಾಟ ಆಗ ಎಲ್ಲಿ ಹೋಗಿತ್ರಿ? ಚಿಗರಿ ಜೀವ ಇರಬೇಕು, ನರಿ ಜೀವ ಇರಬೇಕು. ನನ್ನ ಶಾಲೂಂದು ಒಂದ್ ಪಟ ತೆಗಿಲಿಕ್ಕ ನಿಮಗ ಕೈ ಬರಲಿಲ್ಲ!"

ಅವರ ಮುಖ ಬಿಳಿಚಿಕೊಂಡಿತು. ಕರಿ ಅರಿವೆ ಮಡಚಿ, ಬಿಚ್ಚಿ, ಮತ್ತೆ ಮಡಚಿದರು. ಆವತ್ತು ರೊಟ್ಟಿ ಮುಟ್ಟಲಿಲ್ಲ. ನಾನೂ ತಿನ್ನಲಿಲ್ಲ, ಸಿಟ್ಟಿಗೆ.

ಮರುದಿನ ಜಾಲಿಯ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತಿದ್ದ ಒಂದು ಹೆಣ್ಣು ಚಿಗರಿ ಸಿಕ್ಕಿತು. ಇವರು ಹೊಟ್ಟೆಯ ಮೇಲೆ ತೆವಳಿ ಹೋಗಿ, ಸ್ಟ್ಯಾಂಡಿಲ್ಲದೆ ಕಲ್ಲಿನ ಮೇಲೆ ಕ್ಯಾಮೆರಾ ಇಟ್ಟು ತೆಗೆದರು. ಉಳಿದದ್ದು ಒಂದೇ ಪ್ಲೇಟು.

ಮಾಳಢೋಕಕ್ಕೆಂದು ಅಮೀರ ಪಾಶಾ ಹುಲ್ಲುಬಯಲಿನಲ್ಲಿ ಜೋಳದ ಕಣಕಿಯ ಗೂಡು ಕಟ್ಟಿಕೊಟ್ಟ. ಗಂಡು ಹಕ್ಕಿ ಬೆಳಿಗ್ಗೆ ಒಂದೇ ದಿಬ್ಬಕ್ಕೆ ಬಂದು ಕುಣಿಯುತ್ತದೆ, ಹೆಣ್ಣನ್ನು ಕರೆಯುತ್ತದೆ, ಸಪ್ಪಳ ಮಾಡಬೇಡಿ ಎಂದ. ಆ ಗೂಡಿನಲ್ಲಿ ಎರಡು ದಿನ ಸೂರ್ಯ ಹುಟ್ಟುವ ಮೊದಲು ಹೋಗಿ ಮಧ್ಯಾಹ್ನದವರೆಗೆ ಕೂತೆವು. ಕಣಕಿಯ ತುರಿಕೆ, ಬೆವರು, ನೊಣ. ಬಾಯಿ ಮುಚ್ಚಿಕೊಂಡು ಕೂಡುವುದು ನನ್ನಂಥವಳಿಗೆ ಎಷ್ಟು ಕಷ್ಟವೆಂದು ಓದುವವರೇ ತಿಳಿದುಕೊಳ್ಳಬೇಕು. ಹಕ್ಕಿ ಬರಲಿಲ್ಲ.

ಮೂರನೆಯ ದಿನ ಬಂತು. ಹುಲ್ಲಿನೊಳಗಿಂದ ಒಂದೊಂದೇ ಹೆಜ್ಜೆ ಇಡುತ್ತ, ಊರಗೌಡರ ನಡಿಗೆಯಲ್ಲಿ ದಿಬ್ಬ ಏರಿತು. ನಿಂತಿತು. ಬಾಲ ಬೆನ್ನಿನ ಮೇಲೆ ಮಡಚಿತು. ಆಮೇಲೆ ಗಂಟಲು ಉಬ್ಬುತ್ತ ಉಬ್ಬುತ್ತ, ಬಿಳಿ ಚೀಲವೊಂದು ಕೊರಳಿನಿಂದ ಇಳಿದು ಮೊಣಕಾಲಿನವರೆಗೆ ಜೋತುಬಿತ್ತು. ಹೊಟ್ಟೆಯೊಳಗಿಂದ ಒಂದು ದನಿ ಹೊರಟಿತು, ದೂರದ ಡೊಳ್ಳಿನದು. ನನ್ನ ಎದೆಗೇ ಬಂದು ಬಡಿಯಿತು. ಸಿಟ್ಟು, ತುರಿಕೆ, ಮುಳ್ಳು ಎಲ್ಲ ಮರೆತೆ. ಇಷ್ಟು ದೊಡ್ಡ ಜೀವ ನಮ್ಮ ನೆಲದಲ್ಲಿ ತನ್ನ ಪಾಡಿಗೆ ತಾನು ಕುಣಿದುಕೊಂಡಿದೆ, ನನಗೆ ನಲವತ್ತರ ಹತ್ತಿರ ಬಂದರೂ ಗೊತ್ತಿರಲಿಲ್ಲವಲ್ಲ ಅನ್ನಿಸಿತು.

ಇವರು ಮುಚ್ಚಳ ತೆಗೆದರು. "ಬಸವಾ."

ಆಗಲೇ ಅದು ಕುತ್ತಿಗೆ ಕೊಡವಬೇಕೇ!

ಮುಚ್ಚಳ ಹಾಕಿದರು. ಹಕ್ಕಿ ಇನ್ನೂ ಬಹಳ ಹೊತ್ತು ಅಲ್ಲೇ ನಿಂತು ಕುಣಿಯಿತು, ನಮ್ಮ ಹತ್ತಿರ ಪ್ಲೇಟಿರಲಿಲ್ಲ. ಇವರು ಮಂಡಿಯ ಮೇಲೆ ಕೈ ಇಟ್ಟುಕೊಂಡು ನೋಡುತ್ತಲೇ ಇದ್ದರು. ಬಂಡಿ ಹತ್ತುವಾಗ ಒಂದೇ ಮಾತು: "ಅಲುಗಿತು."

ಪ್ಲೇಟು ತೊಳೆದು ಪಟ ಬರಿಸಲು ಕತ್ತಲು ಬೇಕು. ಬೀದರದವರೆಗೆ ಕಾಯುವ ತಾಳ್ಮೆ ಇವರಿಗಿರಲಿಲ್ಲ, ಹಲಬರ್ಗಾದಲ್ಲೇ ಮಾಡುತ್ತೇನೆಂದು ಹಟ ಹಿಡಿದರು. ತಮ್ಮನ ಅಂಗಳದಲ್ಲಿ ಜೋಳ ತುಂಬುವ ಹಗೇವು ಖಾಲಿ ಇತ್ತು, ನೆಲದೊಳಗೆ ಎರಡಾಳು ಆಳದ್ದು. ಒಳಗಿನ ಕೆಟ್ಟ ಗಾಳಿಗೆ ಜನ ಸತ್ತದ್ದುಂಟು. ಬೇಡವೆಂದು ನಾನು ಹೇಳಿದ್ದು ಯಾರು ಕೇಳಬೇಕು! ರಾತ್ರಿಯೆಲ್ಲ ಬಾಯಿ ತೆರೆದಿಟ್ಟು, ಉರಿಯುವ ದೀಪ ಇಳಿಬಿಟ್ಟು ಅದು ಆರಲಿಲ್ಲವೆಂದು ನೋಡಿದ ಮೇಲೆ ಏಣಿ ಇಟ್ಟು ಇವರನ್ನು ಇಳಿಸಿದೆವು. ಜೊತೆಗೆ ಕೆಂಪು ಕಂದೀಲು, ಮಣ್ಣಿನ ಪರಾತ, ಔಷಧದ ಬಾಟಲಿ. ಕೈ ಹೋಗುವಷ್ಟು ಸಂದಿ ಬಿಟ್ಟು ಬಾಯಿಗೆ ಬಂಡೆ ಎಳೆದು ಗೋಣಿತಟ್ಟು ಹೊದಿಸಿದೆವು. ತಮ್ಮ ಎತ್ತಿಗೆ ನೀರು ಕುಡಿಸಲು ಹೋದ. ನಾನೊಬ್ಬಳು ಬಿಸಿಲಲ್ಲಿ ಹಗೇವಿನ ಬಾಯಿಗೆ ಕಾವಲು ಕೂತೆ. ಹತ್ತು ಹತ್ತು ನಿಮಿಷಕ್ಕೆ "ಇದ್ದೀರೇನ್ರಿ?" ಎಂದು ಕೂಗುವುದು, "ಇದ್ದೀನಿ" ಎಂದು ಒಳಗಿಂದ ಬರುವುದು.

ಒಂದೊಂದು ಪ್ಲೇಟು ಮುಗಿದಂತೆ ಏಣಿ ಹತ್ತಿ ತಟ್ಟಿನ ಸಂದಿಯಿಂದ ಮೇಲಕ್ಕೆ ಕೊಡುತ್ತಿದ್ದರು. ನನ್ನ ಪಕ್ಕದಲ್ಲಿ ಎರಡು ಕೊಪ್ಪರಿಗೆ: ತಣ್ಣೀರಿನದು ಒಂದು, ಸೋಡಾ ಹಾಕಿದ ಬಿಸಿನೀರಿನದು ಒಂದು. "ಒಳ್ಳೇದು" ಅಂದರೆ ತಣ್ಣೀರಿನಲ್ಲಿ ತೊಳೆದು ನೆರಳಿಗಿಡಬೇಕು. "ಕೆಟ್ಟದ್ದು" ಅಂದರೆ ಸೋಡಾ ನೀರಿಗೆ. ಪಟವೆಲ್ಲ ಸುಲಿದು ಹೋಗಿ ಬರೀ ಗಾಜು ಉಳಿಯುತ್ತದೆ. ಆ ಗಾಜು ಬೇರೆಯವರ ಪಟಕ್ಕೆ ಕಟ್ಟು ಹಾಕಲು ಬರುತ್ತದೆ. ಮುತ್ತಲ ಒಳ್ಳೆಯದು, ಕಕ್ಕೆ ಒಳ್ಳೆಯದು. ರುಮಾಲಿನ ಕಕ್ಕೆ, ಖಾಲಿ ಬಂಡೆ, ಧೂಳು ಕೆಟ್ಟದ್ದು. ಕೊನೆಗೆ ಹನ್ನೆರಡನೆಯದು ಬಂತು.

"ಕೆಟ್ಟದ್ದು. ಸೋಡಾದಾಗ ಹಾಕು."

ಹಾಕಬೇಕೆಂದೇ ಕೈ ಎತ್ತಿದೆ. ಸೂರ್ಯನಿಗೆ ಎದುರಾಗಿ ಹಿಡಿದಿದ್ದೆ, ಕಣ್ಣಿಗೆ ಬಿತ್ತು. ಕಾಲು ಎರಡೂ ಸ್ಪಷ್ಟ, ಉಗುರು ಕೂಡ ಕಾಣುತ್ತಿತ್ತು. ಮೈ ಸ್ಪಷ್ಟ. ಕುತ್ತಿಗೆ ಮಾತ್ರ ಮೂರು: ಒಂದು ಎಡಕ್ಕೆ, ಒಂದು ನೆಟ್ಟಗೆ, ಒಂದು ಬಲಕ್ಕೆ. ಮೂರರ ನಡುವೆ ಹೊಗೆ. ನೋಡುತ್ತಿದ್ದಂತೆ ಆ ದಿಬ್ಬದ ದನಿ ಮತ್ತೆ ಎದೆಗೆ ಬಡಿಯಿತು. ಸಾವಿರ ಪಟ ಈ ಕೈಯಲ್ಲಿ ತೊಳೆದಿದ್ದೇನೆ, ಒಂದೂ ಹೀಗೆ ಉಸಿರಾಡಿರಲಿಲ್ಲ.

"ಇದು ಕೆಟ್ಟಿಲ್ರಿ," ಎಂದು ಹಗೇವಿನೊಳಗೆ ಕೂಗಿದೆ. "ಇದು ಕುಣಿಲಿಕ್ಕತ್ತದ."

"ಮೂರು ಕುತ್ತಿಗಿ ಅವ. ಅಲುಗ್ಯದ. ಹಾಕು."

"ಹಾಕಂಗಿಲ್ಲ."

"ಅಲುಗಿದ್ದು ಪಟ ಅಲ್ಲ, ವಿಮಲಾ."

ನನ್ನ ನೆತ್ತಿಗೇರಿತು. ತಟ್ಟು ಸರಿಸಿ ಆ ಕತ್ತಲಿಗೆ ಬಾಯಿಟ್ಟು ಒದರಿದೆ: "ಅಲುಗಿದ್ದು, ಅಲುಗಿದ್ದು! ಅಲುಗತಾಳಂತ ನನ್ನ ಕೂಸಿಂದು ಒಂದ್ ಪಟ ತೆಗಿಲಿಲ್ಲ. ಈ ಹಕ್ಕಿನೂ ತೊಳಿ ಅಂತೀರಿ. ಜೀವ ಇದ್ದದ್ದು ಅಲುಗಲಾರದ ಏನ್ ಮಾಡ್ತದ್ರಿ!"

ಒ‌ಳಗಿಂದ ಸದ್ದಿಲ್ಲ. ಕೆಟ್ಟ ಗಾಳಿ ಹಿಡಿಯಿತೇನೋ ಅನ್ನಿಸಿತು. "ಇದ್ದೀರೇನ್ರಿ?" ಎಂದು ಕೂಗಿದೆ.

"ಇದ್ದೀನಿ," ಎಂದರು. ಮತ್ತೆ ಅದೇ ದನಿಯಲ್ಲಿ, "ತೆಗೆದಿದ್ದೆ," ಎಂದರು.

"ಏನು?"

"ಶಾಲೂನ ಪಟ. ಏಳು ತೆಗೆದಿದ್ದೆ."

ತಟ್ಟಿನ ಸಂದಿಗೆ ಕಿವಿ ಇಟ್ಟೆ.

"ನಿಮ್ಮವ್ವಗ ಆರಾಮಿಲ್ಲಂತ ನೀ ಇಲ್ಲಿಗಿ ಬಂದಿದ್ದಿ, ಎಂಟು ದಿನ. ಕೂಸು ನನ್ನ ಹತ್ತರ ಇತ್ತು. ನೀ ಬರೋದ್ರಾಗ ಒಂದು ಚಲೋ ಪಟ ತೆಗೆದು ತೋರಿಸ್ಬೇಕಂತ ಮಾಡಿದ್ದೆ. ದಿನಾ ಒಂದ್ ತೆಗೆದೆ. ಒಂದೂ ನೆಟ್ಟಗ ಬರಲಿಲ್ಲ. ಕೆಟ್ಟ ಪಟ ನಿನಗ್ ಹ್ಯಾಂಗ ತೋರಿಸ್ಲಿ ಅಂತ ಸೋಡಾದಾಗ ತೊಳೆದುಬಿಟ್ಟೆ. ಮುಂದಿನ ವರ್ಷ ತೆಗಿಯೋಣ, ಸ್ವಲ್ಪ ದೊಡ್ಡಾಕಿ ಆಗ್ಲಿ, ಸುಮ್ಮ ಕೂಡ್ತಾಳ ಅಂದೆ."

"ಏಳೂ ತೊಳೆದ್ರಿ?"

"ಏಳೂ."

"ಗಾಜು?"

"ಬ್ಯಾರೇರ ಪಟಕ್ಕ ಕಟ್ಟು ಹಾಕ್ದೆ. ಯಾರ್ಯಾರ ಮನಿಯಾಗ ಹೋದವೋ."

ನನ್ನ ಮಗಳು ಬೀದರದಲ್ಲಿ, ಭಾಲ್ಕಿಯಲ್ಲಿ, ಯಾವುದೋ ಸತ್ತ ಮುದುಕರ ಪಟದ ಮುಂದೆ ಬರೀ ಗಾಜಾಗಿದ್ದಾಳೆ. ಬಾಯಿಗೆ ಬಂದಂತೆ ಬೈದೆ. ಅವರ ವಂಶ, ಅವರ ಪೆಟ್ಟಿಗೆ, ಆ ಪೆಟ್ಟಿಗೆ ಮಾರಿದವನು, ಯಾರನ್ನೂ ಬಿಡಲಿಲ್ಲ. ಬೈದು ಬೈದು ಗಂಟಲು ಒಣಗಿದ ಮೇಲೆ ಕೇಳಿದೆ: "ಹ್ಯಾಂಗ ಬಂದಿದ್ಲು?"

ಅವರು ಮೇಲೆ ಬರಲಿಲ್ಲ. ಬಂದಿದ್ದರೆ ಹೇಳಲಾಗುತ್ತಿರಲಿಲ್ಲ. ಕತ್ತಲಲ್ಲೇ ನಿಂತು ಹೇಳಿದರು.

"ಮೊದಲ್ನೇದು ಕುರ್ಚಿ ಮ್ಯಾಲ. ಕಾಗಿ ಕೂಗ್ತು, ಹೊಳ್ಳಿ ನೋಡಿದ್ಲು. ಎರಡು ಮಾರಿ. ಎರಡನೇದ್ರಾಗ ಪರಕರ ಅಷ್ಟು ಚಲೋ ಬಂತು, ಅಂಚಿನ ಜರಿ ಎಣಸ್ಬಹುದಿತ್ತು. ಕೈ ಇರಲಿಲ್ಲ, ಬಡಿಲಿಕ್ಕತ್ತಿದ್ಲು. ಮೂರನೇದ್ರಾಗ ಕುರ್ಚಿ ಖಾಲಿ. ಬಾಜೂಕ ಒಂದ್ ಸ್ವಲ್ಪ ಬೆಳ್ಳಗ, ಹೊಂಟಾಳ. ನಾಕನೇದಕ್ಕ ಓಡಿ ಬಂದು ಕ್ಯಾಮೆರಾಕ್ಕ ಅಂಗೈ ಇಟ್ಟಳು."

"ಐದು?"

"ನಕ್ಕಳು. ತಲಿ ಎಲ್ಲಾ ಹಬ್ಬಿತ್ತು. ಆರನೇದೂ ಹಂಗೇ."

"ಮಲಗಿದ್ದಾಗ ತೆಗಿಬಾರದಿತ್ತೇನ್ರಿ?"

"ಹೋಗಿದ್ದೆ ತೆಗಿಲಿಕ್ಕ. ಕಣ್ಣು ಮುಚ್ಚಿದ್ಲು. ನೋಡಿ ಅಂಜಿಕಿ ಬಂತು. ಹಂಗೇ ಹೊಳ್ಳಿ ಬಂದೆ."

ನಾನು ಸೆರಗು ಬಾಯಿಗಿಟ್ಟುಕೊಂಡೆ. ಅಳು ಬಂತು, ಸಿಟ್ಟೂ ಬಂತು, ಯಾವುದು ಮೊದಲು ಎಂದು ತಿಳಿಯಲಿಲ್ಲ. "ಏಳನೇದು?" ಎಂದೆ.

"ನಿನ್ನ ಇಳಕಲ್ ಸೀರಿ ಸುತ್ಕೊಂಡು ಬಂದ್ಲು. ನಡಕ್ಕ ಎರಡೂ ಕೈ ಇಟ್ಟು, ಕಾಲು ಅಗಲಿಸಿ, ನಿನ್ನಂಗೇ ನಿಂತು ನನಗ ಬೈಲಿಕ್ಕ ಸುರು ಮಾಡಿದ್ಲು. ಪೆಟ್ಟಿಗಿ ಬಿಡ್ರಿ, ನಿಮಗ ಬುದ್ಧಿ ಇಲ್ಲೇನ್ರಿ ಅಂತ. ಕೈ ಅಲುಗಲಿಲ್ಲ, ಕಾಲು ಅಲುಗಲಿಲ್ಲ, ಕಣ್ಣು ನೆಟ್ಟಗ ನನ್ನ ಮ್ಯಾಲ. ಎಲ್ಲಾ ಚಲೋ ಬಂದಿತ್ತು ವಿಮಲಾ, ಎಲ್ಲಾ. ಬಾಯಿ ಒಂದು ಅಲುಗಿತ್ತು."

"ಬಾಯಿ ಒಂದೇ?"

"ಬಾಯಿ ಒಂದೇ."

"ಅಷ್ಟಕ್ಕ ತೊಳೆದ್ರಿ?"

"ಹೂಂ."

ಮಾಳಢೋಕದ ಪ್ಲೇಟನ್ನು ತಣ್ಣೀರಿನಲ್ಲಿ ತೊಳೆದು, ಒರಳಿನ ನೆರಳಿಗೆ ಒರಗಿಸಿಟ್ಟು ಬಂದೆ. ಹಗೇವಿನ ಬಾಯಿಗೆ ಮತ್ತೆ ಕೂತೆ. ಬಂಡೆ ಬಿಸಿಲಿಗೆ ಕಾದು ಕೆಂಡವಾಗಿತ್ತು.

"ಇದ್ದೀರೇನ್ರಿ?"

"ಇದ್ದೀನಿ."

"ಮತ್ತೊಮ್ಮೆ ಹೇಳ್ರಿ," ಎಂದು ಗದರಿದೆ. "ಮೊದಲ್ನೇದ್ರಿಂದ. ಒಂದೂ ಬಿಡಬ್ಯಾಡ್ರಿ."

ಮೊದಲ್ನೇದು ಕುರ್ಚಿ ಮ್ಯಾಲ, ಎಂದು ಅವರು ಶುರು ಮಾಡಿದರು.